ಹುಳಕ್ಕೊಂದು ಹೆಣ್ಣು

ಒಬ್ಬರೇ ಇರುವವರಿಗೆ ಕೆಲವು ಅನುಕೂಲಗಳಿವೆ. ಊಟದ ಮೇಜಿನ ಮೇಲೆ ಸತ್ತ ಹುಳ ಇಟ್ಟರೂ ಯಾರೂ ಬೈಯುವುದಿಲ್ಲ. ಬೈಯುವವರಿದ್ದರೆ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಆದರೆ ಬೈಯಲಿಕ್ಕೆಂದೇ ಯಾರನ್ನಾದರೂ ಮನೆಗೆ ಕರೆತರುವಂತಿಲ್ಲವಲ್ಲ. ಅಮ್ಮ ತೀರಿಕೊಂಡ ಮೇಲೆ ಡೊಂಬಿವಿಲಿಯ ನನ್ನ ಪುಟ್ಟ ಫ್ಲ್ಯಾಟಿನಲ್ಲಿ, ಅವಳು ತರಕಾರಿ ಹೆಚ್ಚುತ್ತಿದ್ದ ಮೇಜಿನ ಮೇಲೆ, ಎರಡು ವರ್ಷ ಒಂದು ಸೂಕ್ಷ್ಮದರ್ಶಕವೂ ಅದರ ಕೆಳಗೆ ಸೂಜಿಗೆ ಚುಚ್ಚಿದ ಒಂದು ಗಂಡು ಜೀರುಂಡೆಯೂ ಇದ್ದವು. ಗಂಡೆಂದು ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಅದನ್ನು ತಿಳಿಯಲು ಮಾಡುವ ಕೆಲಸ ಇಲ್ಲಿ ಬರೆಯುವಂಥದ್ದಲ್ಲ.

ನಾನು ಕಲ್ಯಾಣದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಮೊದಲ ಮಳೆ ಬಿದ್ದ ವಾರ ಅಂಬರನಾಥದ ಹಳೆಯ ಶಿವಾಲಯಕ್ಕೆ ಹೋಗಿದ್ದೆ. ಕೈಮುಗಿದು ಹೊರಬಂದು ಸ್ವಲ್ಪ ದೂರ ನಡೆದರೆ, ಕಡಿದು ಹಾಕಿದ ಮರದ ಕೊರಡಿನ ಮೇಲೆ ಅದು ಕೂತಿತ್ತು. ಉಗುರಿನಷ್ಟು ಉದ್ದ. ನೇರವಾಗಿ ನೋಡಿದರೆ ಹಸಿರು, ತಲೆ ವಾರೆ ಮಾಡಿದರೆ ತಾಮ್ರ, ಬೆನ್ನ ತುದಿಯಲ್ಲಿ ನೇರಳೆ. ಊರಲ್ಲಿ ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯ ಬಳಗವೇ, ಆದರೆ ನನಗೆ ಪರಿಚಯವಿಲ್ಲದ ನೆಂಟ. ಕನ್ನಡಕದ ಪೆಟ್ಟಿಗೆಯೊಳಗೆ ಅದನ್ನು ಕೂರಿಸಿ, ರೈಲು ಹತ್ತಿದೆ.

ಹೊಸ ಜಾತಿ ಎಂದು ಜಗತ್ತಿಗೆ ಹೇಳಬೇಕಾದರೆ ಅದರ ಮೈಯನ್ನೆಲ್ಲ ಮಾತಿನಲ್ಲಿ ಬರೆಯಬೇಕು. ಬೆನ್ನಿನ ಕುಳಿಗಳನ್ನು ಎಣಿಸಿದೆ, ಮೀಸೆಯ ಗೆಣ್ಣುಗಳನ್ನು ಅಳೆದೆ, ಸೋತದ್ದು ಬಣ್ಣದಲ್ಲಿ. ಬೆಳಿಗ್ಗೆ ಹಸಿರೆಂದು ಬರೆದದ್ದು ಸಂಜೆ ಟ್ಯೂಬ್‌ಲೈಟಿನಲ್ಲಿ ಕೆಂಪಾಗಿರುತ್ತಿತ್ತು. "ಒಂದು ಮಾತಿನ ಮೇಲೆ ನಿಲ್ಲಬಾರದಾ?" ಎಂದು ಅದನ್ನೇ ಗದರಿಸುತ್ತಿದ್ದೆ. ಹೌದು, ಮಾತಾಡುತ್ತಿದ್ದೆ. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ, ರೈಲು ಎಷ್ಟು ಲೇಟಾಯಿತು ಎನ್ನುವುದನ್ನು ಸಹ ಹೇಳುತ್ತಿದ್ದೆ.

ಈ ಬಳಗದ ಹುಳಗಳನ್ನೇ ಜೀವಮಾನವಿಡೀ ನೋಡಿದ ಹಿರಿಯ ತಜ್ಞರೊಬ್ಬರಿಗೆ ಚಿತ್ರ, ವಿವರ ಎಲ್ಲ ಕಳಿಸಿದೆ. ಉತ್ತರ ಬಂತು: ಹೊಸದೇ ಇರಬೇಕು, ಆದರೆ ಒಂದೇ ಗಂಡಿನ ಮೇಲೆ ಬರೆದರೆ ಕೆಲಸ ಅರ್ಧ, ಹೆಣ್ಣು ಹುಡುಕಿ.

ಇದನ್ನು ನೌಪಾಡಾದಲ್ಲಿ ಹೋಟೆಲು ನಡೆಸುವ ನನ್ನ ಅಣ್ಣನಿಗೆ ಹೇಳಿದೆ. ಅವನು ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಎರಡೂ ಕೈ ಎತ್ತಿಬಿಟ್ಟ. "ನಿನಗೊಂದು ಗಂಡು ಹುಡುಕ್ಲಿಕ್ಕೆ ನಾನು ಪಟ್ಟ ಪಾಡೇ ಸಾಕಿತ್ತು ಮಾರಾಯ್ತಿ. ಈಗ ನೀನು ಹುಳಕ್ಕೆ ಹೆಣ್ಣು ನೋಡ್ಲಿಕ್ಕೆ ಹೊರಟಿಯಾ?"

ಅತ್ತಿಗೆ ಒಳಗಿನಿಂದ, "ಮನೆತನ ಒಳ್ಳೆದುಂಟಾ ನೋಡಿ," ಎಂದರು.

"ಹೆಸರಿಡುವಾಗ ನಮ್ಮ ಹೋಟೆಲಿನದ್ದು ಇಡ್ಲಿಕ್ಕೆ ಆಗ್ತದಾ?" ಎಂದ ಅಣ್ಣ. ಆಗುವುದಿಲ್ಲ ಎಂದೆ. ಆಮೇಲೆ ಅವನಿಗೆ ಹುಳದಲ್ಲಿ ಆಸಕ್ತಿ ಹೋಯಿತು.

ಎರಡು ಮಳೆಗಾಲ, ಭಾನುವಾರ ಬಂತೆಂದರೆ ಅಂಬರನಾಥ. ಛತ್ರಿಯನ್ನು ತಲೆಕೆಳಗಾಗಿ ಹಿಡಿದು, ಕೊಂಬೆಯನ್ನು ಕೋಲಿನಿಂದ ತಟ್ಟಿದರೆ ಹುಳಗಳು ಅದರೊಳಗೆ ಉದುರುತ್ತವೆ. ಮಳೆಯಲ್ಲಿ ನೆನೆಯುತ್ತ ಛತ್ರಿಯನ್ನು ಉಲ್ಟಾ ಹಿಡಿದು ನಿಂತ ಐವತ್ತನಾಲ್ಕರ ಹೆಂಗಸನ್ನು ನೋಡಿ ರಿಕ್ಷಾದವರು ನಿಧಾನ ಮಾಡುತ್ತಿದ್ದರು. "ಮ್ಯಾಡಮ್, ಛತ್ರಿ ಉಲ್ಟಾ ಹೈ" ಎಂದು ತಿಳಿಸಿದವರಿಗೆಲ್ಲ ಧನ್ಯವಾದ ಹೇಳಿದೆ. ಇರುವೆ, ಜೇಡ, ತಿಗಣೆ ಬಿದ್ದವು. ಹೂ ಮಾರುವ ಮುದುಕಿ ವಾರವಾರವೂ ನನ್ನನ್ನು ನೋಡಿ, ಕೊನೆಗೊಂದು ದಿನ ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, "ನಿಮ್ಮವರು ಯಾರು ಕಳೆದುಹೋಗಿದ್ದಾರೆ ಅಕ್ಕಾ?" ಯಾರೂ ಇಲ್ಲ ಎಂದೆ. ಅವಳು ನಂಬಲಿಲ್ಲ. ಎರಡು ಚೆಂಡುಹೂ ಕೊಟ್ಟಳು.

ಎರಡನೆಯ ಮಳೆಗಾಲದ ಹೊತ್ತಿಗೆ ಆ ಕೊರಡನ್ನೂ ಯಾರೋ ಸಾಗಿಸಿದ್ದರು. ಹೆಣ್ಣು ಸಿಗಲಿಲ್ಲ ಎಂದು ಅಣ್ಣನಿಗೆ ಫೋನಿನಲ್ಲಿ ಹೇಳುವಾಗ ನನ್ನ ಧ್ವನಿ ಏನೋ ಆಗಿರಬೇಕು. ಮುಂದಿನ ಭಾನುವಾರ ನೋಡುತ್ತೇನೆ, ಅಂಬರನಾಥ ಸ್ಟೇಷನ್ನಿನಲ್ಲಿ ಹೋಟೆಲಿನ ದೊಡ್ಡ ಛತ್ರಿ ಹಿಡಿದು ಅಣ್ಣ ನಿಂತಿದ್ದಾನೆ! ಭಾನುವಾರ ಅವನು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದದ್ದು ನನ್ನ ನೆನಪಿನಲ್ಲಿ ಅಮ್ಮನ ಕಾರ್ಯಕ್ಕೆ ಮಾತ್ರ. ಮೂರು ಗಂಟೆ ಹೊತ್ತು ಛತ್ರಿ ಉಲ್ಟಾ ಹಿಡಿದುಕೊಂಡ. ನಾನು ತಟ್ಟಿದೆ. ಹೋಟೆಲಿನಿಂದ ಫೋನು ಬರುತ್ತಲೇ ಇತ್ತು, ತೆಗೆಯಲಿಲ್ಲ. ಮಧ್ಯಾಹ್ನ ನೀರು ಚೆಲ್ಲಿ ಛತ್ರಿ ಮಡಚುತ್ತ, "ಇಲ್ಲದಿದ್ರೆ ಇಲ್ಲ ಅಂತ ಬರಿ ಮಾರಾಯ್ತಿ. ಅದ್ರಲ್ಲಿ ನಾಚಿಕೆ ಎಂಥದು?" ಎಂದ. ಹುಳದ ಬಗ್ಗೆಯೇ ಹೇಳಿದ್ದು ಎಂದುಕೊಂಡಿದ್ದೇನೆ.

ಹಾಗೆಯೇ ಬರೆದೆ. 'ಹೆಣ್ಣು: ತಿಳಿದುಬಂದಿಲ್ಲ.' ನಿಯಮದಂತೆ ಹುಳವನ್ನು ಒಂದು ಸಂಗ್ರಹಾಲಯಕ್ಕೆ ಒಪ್ಪಿಸಿ, ರಸೀದಿ ತಂದೆ. ಅಂದು ಮನೆಗೆ ಬಂದು ಚಪ್ಪಲಿ ಬಿಡುವಾಗ, ರೈಲು ಸರಿಯಾದ ಸಮಯಕ್ಕೆ ಬಂತು ಎಂದು ಹೇಳಲು ಬಾಯಿ ತೆರೆದು, ಮುಚ್ಚಿದೆ.

ಪ್ರಬಂಧ ಕಳಿಸಿದ್ದ ವಿಜ್ಞಾನ ಪತ್ರಿಕೆಯವರು ತಿಂಗಳುಗಳ ನಂತರ ಅದನ್ನು ಒಪ್ಪಿದರು. ಪರಿಶೀಲಿಸಿದವರದ್ದು ಒಂದೇ ತಕರಾರು: ಲೇಖಕರು ಒಬ್ಬರೇ ಇದ್ದಾರೆ, 'ನಾವು ನೋಡಿದೆವು, ನಾವು ಅಳೆದೆವು' ಎಂದು ಉದ್ದಕ್ಕೂ ಇದೆ, ಈ 'ನಾವು' ಯಾರು?

ಶಾಸ್ತ್ರದ ಪ್ರಬಂಧಗಳ ರೂಢಿಯಂತೆ ಬರೆದಿದ್ದೆ ಅಷ್ಟೆ. ತಿದ್ದಲು ಕೂತೆ. 'ಹೆಣ್ಣಿಗಾಗಿ ನಾವು ಹುಡುಕಿದೆವು' ಎಂಬ ಸಾಲನ್ನು ಮಾತ್ರ ಹಾಗೆಯೇ ಬಿಟ್ಟು, ಅದರಲ್ಲಿ ನನ್ನ ಅಣ್ಣನೂ ಇದ್ದ ಎಂದು ಪರಿಶೀಲಕರಿಗೆ ಬರೆದೆ. ಉಳಿದ 'ನಾವು'ಗಳನ್ನೆಲ್ಲ 'ನಾನು' ಮಾಡಿದೆ. ಕಂಪ್ಯೂಟರಿನಲ್ಲಿ ಅದನ್ನು ಒಂದೇ ಏಟಿಗೆ ಬದಲಿಸುವ ಗುಂಡಿಯಿದೆಯೆಂದು ವಿದ್ಯಾರ್ಥಿನಿಯೊಬ್ಬಳು ಆಮೇಲೆ ತೋರಿಸಿದಳು. ನನಗೆ ಅದು ಮೊದಲೇ ಗೊತ್ತಿತ್ತು. ಒಂದೊಂದಾಗಿಯೇ ಅಳಿಸಿದೆ. ಬೇಗ ಮುಗಿಸಿ ನನಗಾದರೂ ಎಲ್ಲಿಗೆ ಹೋಗಲಿಕ್ಕಿತ್ತು?