ಲೀಸ್ ಮುಗಿಯುವ ವರ್ಷದ ಎಲೆಕ್ಷನ್

ಅಂಗಡಿ ಬಾಗಿಲು ತೆಗೆದು ಕೂತವನ ಹತ್ತಿರ ತಮಾಷೆಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ. ಏನೂ ಕೊಳ್ಳುವುದಿಲ್ಲ, ಪಾರ್ಕಿಂಗ್ ಜಾಗ ಮಾತ್ರ ಹಿಡಿಯುತ್ತವೆ. ಅಟ್ಲಾಂಟಾದ ಉತ್ತರಕ್ಕೆ, ಸುವಾನಿಯಲ್ಲಿ ನನ್ನದೊಂದು ಇಂಡಿಯನ್ ಗ್ರೋಸರಿ. ಬೇಳೆ, ಅಕ್ಕಿ, ಉಪ್ಪಿನಕಾಯಿ ಮಾರುತ್ತಾ ಇಂಥವನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಎರಡು ಸಾವಿರದ ಎಂಟರ ಅಧ್ಯಕ್ಷರ ಚುನಾವಣೆಯ ಹೊತ್ತಿನಲ್ಲಿ ಬಂದಷ್ಟು ಒಟ್ಟೊಟ್ಟಿಗೆ ಯಾವತ್ತೂ ಬಂದಿಲ್ಲ.

೧. ಕಿಟಕಿಯ ಬೋರ್ಡು

ಆ ವರ್ಷ ನನ್ನ ಅಂಗಡಿಯ ಲೀಸ್ ಮುಗಿಯುತ್ತಿತ್ತು. ಏಳು ಅಂಗಡಿಗಳ ನಮ್ಮ ಪ್ಲಾಜಾ ಒಬ್ಬ ಅಮೆರಿಕನ್ ಗಂಡ ಹೆಂಡತಿಯದು. ಇಬ್ಬರೂ ಎಪ್ಪತ್ತು ದಾಟಿದವರು, ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದವರು. ಪಕ್ಕದ ಜಿಮ್‌ನವನು ಗೋಡೆ ಒಡೆದು ನನ್ನ ಜಾಗವನ್ನೂ ಸೇರಿಸಿಕೊಳ್ಳುತ್ತೇನೆಂದು ಅವರನ್ನು ಕೇಳಿದ್ದ. ನಾನು ಹೋಗಿ ವಿಚಾರಿಸಿದರೆ ಮಾಲೀಕರು, "ಎಲೆಕ್ಷನ್ ಮುಗಿಯಲಿ, ಆ ವಾರ ಹೇಳ್ತೀವಿ," ಅಂದರು. ಹನ್ನೊಂದು ವರ್ಷ ಕೂತ ಜಾಗ ಅದು. ಎರಡು ಮೈಲಿ ಆಚೆ ಹೋದರೆ ಗಿರಾಕಿ ನನ್ನ ಹಿಂದೆ ಬರುವುದಿಲ್ಲ, ದಾರಿಯಲ್ಲಿ ಸಿಗುವ ಇನ್ನೊಂದು ಅಂಗಡಿಗೆ ನುಗ್ಗುತ್ತಾನೆ. ಗಿರಾಕಿಯ ಪ್ರೀತಿ ಎಷ್ಟು ದೂರ ಡ್ರೈವ್ ಮಾಡುತ್ತದೆ ಅಂತ ನನಗೆ ಗೊತ್ತು.

ಮಾಲೀಕರ ಮನೆ ಮುಂದಿನ ಹುಲ್ಲಿನಲ್ಲಿ ಕೆಂಪು ಬಣ್ಣದ ಪಕ್ಷದ ಬೋರ್ಡು ನೆಟ್ಟಿತ್ತು. ಎದುರು ಪಕ್ಷದ ಬಣ್ಣ ನೀಲಿ. ನಾನು ಮಾರನೇ ದಿನವೇ ಅಂಥದ್ದೇ ಒಂದು ಕೆಂಪು ಬೋರ್ಡು ತಂದು ಅಂಗಡಿಯ ಗಾಜಿಗೆ ಅಂಟಿಸಿದೆ. ಮಾಲೀಕರ ಕಾರು ರಸ್ತೆಯಲ್ಲಿ ಹೋದರೂ ಕಾಣಬೇಕು, ಆ ಎತ್ತರಕ್ಕೆ.

ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನೀಲಿಯವರು. ಅವರಲ್ಲಿ ಮುಕ್ಕಾಲು ಪಾಲಿಗೆ ವೋಟಿಲ್ಲ, ವೀಸಾದ ಮೇಲೆ ಬಂದವರು. ವಾರಕ್ಕೆರಡು ಸಲ ಬರುವ ಮೈಸೂರಿನ ಇಂಜಿನಿಯರ್ ಒಬ್ಬ, ಇನ್ನೂ ಮದುವೆಯಾಗದವನು, ಬೋರ್ಡು ನೋಡಿ ಬಾಗಿಲಲ್ಲೇ ನಿಂತ.

"ಏನ್ ಅಂಕಲ್ ಇದು? ಇವರ ಕೈಲಿ ಎಕಾನಮಿ ಏನಾಯ್ತು ನೋಡಿದ್ರಾ? ಆಮೇಲೂ ಆ ಕಡೆನಾ?"

"ನಿನಗೆ ವೋಟ್ ಇದೆಯೇನಪ್ಪಾ?"

"ಎಲ್ಲಿ ಅಂಕಲ್, ಎಚ್-ಒನ್ ವೀಸಾ ಅಲ್ವಾ ನಂದು."

"ಮತ್ತೆ ಯಾಕಿಷ್ಟು ಕೂಗ್ತೀಯ?"

"ವೋಟ್ ಇದ್ದಿದ್ರೆ ಹಾಕಿ ಸುಮ್ನಿರ್ತಿದ್ದೆ. ಇಲ್ಲ ಅಂತಾನೇ ಕೂಗೋದು."

ಆವತ್ತು ಒಂದು ಕಟ್ಟು ಕೊತ್ತಂಬರಿ ಬಿಟ್ಟಿ ಹಾಕಿ ಕಳಿಸಿದೆ.

೨. ಬೆರಳು

ಸಿಟಿಜನ್ ಆದ ಮೇಲೆ ನನಗೂ ನನ್ನ ಹೆಂಡತಿಗೂ ಅದು ಮೊದಲನೇ ಅಧ್ಯಕ್ಷರ ಎಲೆಕ್ಷನ್. ಚರ್ಚಿನ ಹಾಲಿನಲ್ಲಿ ಬೂತು. ಎರಡು ಗಂಟೆ ಲೈನಿನಲ್ಲಿ ನಿಂತು, ಮೆಷಿನ್ ಒತ್ತಿ, ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದ ವಯಸ್ಸಾದ ಹೆಂಗಸಿನ ಮುಂದೆ ಬಂದೆ. ಊರಿನಲ್ಲಿ ಇಪ್ಪತ್ತು ವರ್ಷ ವೋಟು ಹಾಕಿದ ಕೈ. ನಾನು ಹೇಳದೆಯೇ ಎಡಗೈ ತೋರುಬೆರಳು ಮುಂದಕ್ಕೆ ಹೋಗಿಬಿಟ್ಟಿತು, ಶಾಯಿ ಹಚ್ಚಿಸಿಕೊಳ್ಳೋದಕ್ಕೆ.

ಆಕೆ ಬೆರಳು ನೋಡಿದರು, ನನ್ನ ಮುಖ ನೋಡಿದರು. "ಏನಾಯ್ತು? ನೋವಾಗ್ತಿದೆಯಾ?"

"ಇಲ್ಲ ಮೇಡಂ. ಹಚ್ಚಿ," ಅಂದೆ.

ಆಕೆ ಪಾಪ ಕನ್ನಡಕ ಹಾಕಿಕೊಂಡು ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಗಾಯ ಕಾಣಲಿಲ್ಲ. ಆದರೂ ಬಂದ ಮನುಷ್ಯ ಕೇಳುತ್ತಿದ್ದಾನಲ್ಲ ಅಂತ ಮೇಜಿನ ಕೆಳಗಿಂದ ಫಸ್ಟ್ ಏಡ್ ಡಬ್ಬ ತೆಗೆದು ಒಂದು ಬ್ಯಾಂಡ್-ಏಡ್ ಸುತ್ತಿದರು. ಅದರ ಮೇಲೆ, ವೋಟು ಹಾಕಿದವರಿಗೆಲ್ಲ ಕೊಡುವ ಪೀಚ್ ಹಣ್ಣಿನ ಸ್ಟಿಕ್ಕರನ್ನೂ ಅಂಟಿಸಿದರು. ಹಿಂದೆ ನಿಂತಿದ್ದ ನನ್ನ ಹೆಂಡತಿ ಎರಡು ಕೈಯನ್ನೂ ಸ್ವೆಟರ್ ಜೇಬಿಗೆ ಸೇರಿಸಿ, ನಾನು ಯಾರೋ ಏನೋ ಅನ್ನೋ ಹಾಗೆ ಆಚೆ ಹೋದಳು.

ಸಂಜೆ ಅಂಗಡಿಗೆ ಬಂದವರೊಬ್ಬರು ಕೇಳಿದರು, "ಬೆರಳಿಗೆ ಏನಾಯ್ತು ಸಾರ್?"

"ವೋಟ್ ಹಾಕಿ ಬಂದೆ."

"ಅಷ್ಟೊಂದು ರಶ್ ಇತ್ತಾ?"

೩. ಸಿಹಿ

ನೀಲಿಯವರು ಗೆದ್ದರು. ಬುಧವಾರ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಆ ಇಂಜಿನಿಯರ್ ಕಾರಿನಲ್ಲಿ ಕಾದಿದ್ದ.

"ಅಂಕಲ್, ಮೈಸೂರು ಪಾಕ್ ಎಷ್ಟಿದೆ?"

ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಉಳಿದ ಮೈಸೂರು ಪಾಕನ್ನು ಏನು ಮಾಡುವುದು ಅಂತ ನಾನು ಯೋಚಿಸುತ್ತಿದ್ದೆ. ದೇವರು ಒಂದೊಂದು ಸಲ ಗಿರಾಕಿಯ ರೂಪದಲ್ಲೇ ಬರುತ್ತಾನೆ. "ಬೇಕಾದಷ್ಟಿದೆ," ಅಂದೆ.

ಊರಿನಲ್ಲಿ ರಿಸಲ್ಟ್ ಬಂದರೆ ಸಿಹಿ ಹಂಚುತ್ತಾರಲ್ಲ, ಹಾಗೆ ಇವನೂ ಆಫೀಸಿನಲ್ಲಿ ಹಂಚುತ್ತಾನಂತೆ. ಆ ವರ್ಷ ಎಲ್ಲರ ಮುಖದಲ್ಲೂ ಕೆಲಸ ಹೋಗುವ ಹೆದರಿಕೆ ಇತ್ತು. ಇವನ ಮುಖದಲ್ಲಿ ತಿಂಗಳುಗಳ ಮೇಲೆ ನಗು ಕಂಡೆ. ಮೈಸೂರಿನಿಂದ ಅವರಮ್ಮ ಫೋನ್ ಮಾಡಿ, ಹೊಸ ಅಧ್ಯಕ್ಷರು ನಿನ್ನ ಗ್ರೀನ್ ಕಾರ್ಡಿಗೆ ಸೈನ್ ಹಾಕೋದು ಈ ವಾರವೋ ಮುಂದಿನ ವಾರವೋ ಅಂತ ಕೇಳಿದರಂತೆ. "ಅಮ್ಮಂಗೆ ಸಂಕ್ರಾಂತಿ ಒಳಗೆ ಅಂತ ಹೇಳಿದೀನಿ ಅಂಕಲ್. ಖುಷಿಯಾಗಿರ್ಲಿ."

"ಹುಷಾರಪ್ಪ. ಆಫೀಸಲ್ಲಿ ಅರ್ಧ ಜನ ಸೋತಿರ್ತಾರೆ," ಅಂದೆ.

ಸಂಜೆ ಮತ್ತೆ ಬಂದ. ಕೈಯಲ್ಲಿ ಎರಡು ದೊಡ್ಡ ಡೈಪರ್ ಪ್ಯಾಕು.

ನಡೆದದ್ದು ಇಷ್ಟು. ಡಬ್ಬ ತೆಗೆದು ಮೊದಲು ನಿಂತದ್ದು ಮ್ಯಾನೇಜರ್ ಮುಂದೆ. ಮ್ಯಾನೇಜರ್ ಟೈ ಕೆಂಪು, ಮುಖ ಅದಕ್ಕಿಂತ ಕೆಂಪು. "ಏನು ವಿಶೇಷ?" ಅಂತ ಕೇಳಿದ. ಇವನಿಗೆ ನನ್ನ ಮಾತು ನೆನಪಾಯಿತು. ಏನಾದರೂ ಹೇಳಬೇಕಲ್ಲ, "ಮಗು ಆಯ್ತು," ಅಂದುಬಿಟ್ಟ. ಮಧ್ಯಾಹ್ನದೊಳಗೆ ಎಲ್ಲರೂ ಸೇರಿ ಡೈಪರ್ ತಂದರು, ಕಾರ್ಡಿಗೆ ಇಪ್ಪತ್ತು ಜನ ಸೈನ್ ಮಾಡಿದರು, ಮ್ಯಾನೇಜರ್ ಎರಡು ದಿನ ರಜ ಕೊಟ್ಟು ಮನೆಗೆ ಕಳಿಸಿದ.

"ಇದನ್ನ ರಿಟರ್ನ್ ತಗೋತೀರಾ ಅಂಕಲ್?"

"ನಮ್ಮಲ್ಲಿ ಕೊಂಡಿದ್ದಲ್ಲ, ಹೇಗೆ ತಗೊಳ್ಳಲಿ? ಇಟ್ಕೋ. ಗ್ರೀನ್ ಕಾರ್ಡಿಗಿಂತ ಇದೇ ಮೊದಲು ಬೇಕಾಗಬಹುದು."

೪. ಮಾಲೀಕರು

ಅದೇ ಬುಧವಾರ ಮಧ್ಯಾಹ್ನ ಮಾಲೀಕರ ಕಾರು ಬಂದು ನಿಂತಿತು. ಕೌಂಟರಿನ ಮೇಲೆ ಉಳಿದ ಸಿಹಿಯ ಟ್ರೇ. ಸೋತ ಮನುಷ್ಯನ ಎದುರಿಗೆ ಸಿಹಿ ಇಟ್ಟುಕೊಂಡು ಕೂತರೆ ನಮ್ಮ ಲೀಸ್ ಜಿಮ್‌ನವನ ಪಾಲಾಯಿತು ಅಂತಲೇ ಲೆಕ್ಕ. "ಮುಚ್ಚು, ಮುಚ್ಚು," ಅಂದೆ. ಹೆಂಡತಿ ಕೈಗೆ ಸಿಕ್ಕ ಅವತ್ತಿನ ಪೇಪರ್ ಎಳೆದು ಟ್ರೇ ಮೇಲೆ ಹಾಕಿದಳು. ಹಾಕಿದ ಮೇಲೆ ನೋಡಿದರೆ ಪೇಪರಿನ ಅರ್ಧ ಪುಟ ತುಂಬಾ ಗೆದ್ದವರ ನಗುಮುಖ.

ಮಾಲೀಕರು, ಗಂಡ ಒಬ್ಬರೇ, ಸಪ್ಪೆ ಮುಖ ಹೊತ್ತು ಒಳಗೆ ಬಂದರು. ಆ ಫೋಟೋ ನೋಡುತ್ತಾ ನಿಂತರು.

"ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದಾರಾ?"

"ಇಲ್ಲ ಸರ್."

"ಈ ಪೇಪರ್ ನನಗೆ ಕೊಡ್ತೀರಾ? ಮನೆಗೆ ತರಿಸೋ ಹಾಗಿಲ್ಲ."

ಅವರು ದನಿ ತಗ್ಗಿಸಿದರು. "ನಾನು ಇವರಿಗೇ ಹಾಕಿದೆ. ಜೀವಮಾನದಲ್ಲಿ ಮೊದಲನೇ ಸಲ. ನಮ್ಮ ಮನೆಯ ಬೋರ್ಡು ಹೆಂಡತಿಯದು. ಅವಳು ಬೆಳಿಗ್ಗೆಯಿಂದ ಮಾತಾಡಿಲ್ಲ. ಸ್ವಲ್ಪ ನಗೋಣ ಅಂದರೆ ಎಲ್ಲೂ ಜಾಗ ಇಲ್ಲ." ಆಮೇಲೆ ನಮ್ಮ ಗಾಜಿನ ಬೋರ್ಡಿನ ಕಡೆ ತಿರುಗಿ, "ನಿಮ್ಮ ದುಃಖದಲ್ಲಿ ಇದನ್ನೆಲ್ಲ ಹೇಳ್ತಿದ್ದೀನಿ, ತಪ್ಪು ತಿಳ್ಕೋಬೇಡಿ," ಅಂದರು.

"ಪರವಾಗಿಲ್ಲ ಸರ್. ತಡಕೊಂಡಿದ್ದೀನಿ," ಅಂದೆ.

ಅವರು ತೊಗರಿ ಬೇಳೆಗೂ ಉದ್ದಿನ ಬೇಳೆಗೂ ನಡುವಿನ ಸಾಲಿಗೆ ಹೋಗಿ, ಶೆಲ್ಫ್ ಹಿಡಿದುಕೊಂಡು, ಸದ್ದಿಲ್ಲದೆ ಎರಡು ನಿಮಿಷ ನಕ್ಕು ಬಂದರು. ಎರಡು ತುಂಡು ಮೈಸೂರು ಪಾಕ್ ತಿಂದರು. ಲೀಸಿನ ವಿಷಯ ತೆಗೆದರೆ, "ನನ್ನದೇನೋ ಒಪ್ಪಿಗೆ. ಆದರೆ ಅವಳೂ ಸೈನ್ ಹಾಕಬೇಕು. ಈಗಿರುವ ಸ್ಥಿತಿಯಲ್ಲಿ ಕೇಳೋದು ಹೇಗೆ?" ಅಂದರು. ಪೇಪರನ್ನು ಮಡಿಸಿ ಶರ್ಟಿನೊಳಗೆ ಇಟ್ಟು, ಗುಂಡಿ ಹಾಕಿಕೊಂಡು, ಬಾಗಿಲ ಹತ್ತಿರ ಸಪ್ಪೆ ಮುಖ ಮತ್ತೆ ಹಾಕಿಕೊಂಡು ಹೋದರು.

೫. ಅವರ ಹೆಂಡತಿ

ಗುರುವಾರ ಆಕೆಯೊಬ್ಬರೇ ಬಂದರು. ನೇರವಾಗಿ ಗಾಜಿನ ಹತ್ತಿರ ಹೋಗಿ ಬೋರ್ಡು ನೋಡಿದರು.

"ಇದನ್ನು ಯಾಕೆ ಹಾಕಿದಿರಿ?"

ಲೀಸ್ ಇರುವುದು ಈ ಒಂದು ಉತ್ತರದಲ್ಲಿ. "ನಿಮ್ಮ ಮನೆ ಮುಂದೆ ಇತ್ತಲ್ಲ ಮೇಡಂ, ಅದನ್ನು ನೋಡಿ," ಅಂದೆ.

"ಅದು ನನ್ನ ಗಂಡನ ಸಮಾಧಾನಕ್ಕೆ ನೆಟ್ಟಿದ್ದು," ಅಂದರು ಆಕೆ. "ಮೆಷಿನ್ ಮುಂದೆ ನಿಂತಾಗ ನಾನು ಆ ಕಡೆ ಒತ್ತಲಿಲ್ಲ. ಮೊಮ್ಮಕ್ಕಳ ಮುಖ ನೆನಪಾಯಿತು, ನೀಲಿ ಕಡೆ ಒತ್ತಿದೆ. ಈಗ ಗಂಡನ ಮುಖ ನೋಡೋಕಾಗ್ತಿಲ್ಲ. ನಿನ್ನೆ ಮಧ್ಯಾಹ್ನದಿಂದ ಗ್ಯಾರೇಜ್ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿದ್ದಾರೆ. ಒಳಗಿಂದ ಪೇಪರ್ ಮಡಿಸೋ ಸದ್ದು ಬಿಟ್ಟರೆ ಏನೂ ಇಲ್ಲ. ಪಾಪ, ಎದೆ ಒಡೆದುಹೋಗಿದೆ."

ನನ್ನ ಹೆಂಡತಿ ಇಂಗು ಹುಡುಕುವವಳ ಹಾಗೆ ಹಿಂದಿನ ಕೋಣೆಗೆ ಓಡಿದಳು. ತುಂಬ ಹೊತ್ತು ಅದು ಸಿಗಲಿಲ್ಲ.

"ಅವರಿಗೆ ಹೇಳಬೇಡಿ," ಅಂದರು ಆಕೆ.

"ನಾನು ಯಾರಿಗೂ ಏನೂ ಹೇಳೋನಲ್ಲ ಮೇಡಂ," ಅಂದೆ. ಅದು ನಿಜವೇ.

ಶುಕ್ರವಾರ ಇಬ್ಬರೂ ಒಟ್ಟಿಗೆ ಬಂದರು, ಸಾವಿನ ಮನೆಗೆ ಬಂದವರ ಹಾಗೆ. ನಾವೂ ಮುಖ ಇಳಿಬಿಟ್ಟುಕೊಂಡು ಕುರ್ಚಿ ಹಾಕಿದೆವು. "ಕಷ್ಟದ ಕಾಲ. ಒಂದೇ ಮನಸ್ಸಿನವರು ಜೊತೆಗಿರಬೇಕು," ಅಂತ ಹೇಳಿ ಮಾಲೀಕರು ಐದು ವರ್ಷದ ಲೀಸಿಗೆ ಸೈನ್ ಹಾಕಿದರು. ಆಕೆ ಗಂಡನ ಬೆನ್ನು ಸವರಿ, ನಿಟ್ಟುಸಿರು ಬಿಟ್ಟು, ಕೆಳಗೆ ತಮ್ಮ ಸೈನ್ ಹಾಕಿದರು. ಒಬ್ಬರನ್ನೊಬ್ಬರು ಸಮಾಧಾನ ಮಾಡಿಕೊಳ್ಳುತ್ತಾ ಕಾರು ಹತ್ತಿದರು.

"ಪಾಪ, ಹೇಳಿಬಿಡಬಾರದಾಗಿತ್ತೇನ್ರೀ?" ಅಂದಳು ನನ್ನ ಹೆಂಡತಿ.

"ಹೇಳಿದ್ರೆ ಒಂದೇ ಮನಸ್ಸಿನವರು ಅವರಿಬ್ಬರೇ ಆಗ್ತಿದ್ರು. ನಾನು ಹೊರಗೆ."

ಅವಳು ಲೀಸಿನ ಕಾಗದ ಜೋಡಿಸಿದಳು. "ಅದಿರಲಿ, ನೀವು ಯಾರಿಗೆ ಹಾಕಿದ್ರಿ?"

"ನೀನು ಯಾರಿಗೆ ಹಾಕಿದೆ, ಮೊದಲು ಹೇಳು."

ಅವಳು ಕಾಗದವನ್ನು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದಳು. "ಐದು ವರ್ಷ ಟೈಮಿದೆಯಲ್ಲ," ಅಂದಳು. "ನಿಧಾನವಾಗಿ ಹೇಳ್ತೀನಿ."