ಫ್ಲಾಪಿಗೆ ಕುಂಕುಮ ಇಟ್ಟವರು ಯಾರು?

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಯಾರ ನೆನಪನ್ನೂ ಸುಲಭವಾಗಿ ನಂಬುವವನಲ್ಲ. ನನ್ನದನ್ನಂತೂ ಇಲ್ಲವೇ ಇಲ್ಲ. ಆದ್ದರಿಂದಲೇ, ನಮ್ಮ ಕಂಪ್ಯೂಟರ್ ಮಾತುಮಾತಿಗೆ ನೀಲಿ ಪರದೆ ತೋರಿಸಿ ನಿಂತುಹೋಗತೊಡಗಿದಾಗ, ವಿಂಡೋಸ್ ಅಳಿಸಿ ಹೊಸದಾಗಿ ಹಾಕುವ ಮೊದಲು ಎಲ್ಲ ಇಮೇಲುಗಳ, ವಿಳಾಸಗಳ ನಕಲು ತೆಗೆದಿಡಬೇಕೆಂದು ಮನೆಯಲ್ಲಿ ಘೋಷಿಸಿದೆ. ದೊಡ್ಡಬಳ್ಳಾಪುರದಲ್ಲಿ ಆಗ ಇಷ್ಟು ಮುಂದಾಲೋಚನೆ ಇದ್ದವರು ಎಷ್ಟು ಜನ? ನಾನೊಬ್ಬನೇ ಇರಬೇಕು!

ಉಳಿಸಬೇಕಾದದ್ದರಲ್ಲಿ ಮುಖ್ಯವಾದದ್ದು ನನ್ನದಲ್ಲ, ಹೆಂಡತಿಯ ತಮ್ಮ ಮಂಜುನಾಥನದು. ಅವನೂ ಅತ್ತೆಯೂ ಪಕ್ಕದ ಮನೆಯಲ್ಲೇ ಇದ್ದರು. ಹಿಂದುಗಡೆ ಅವನ ಪವರ್‌ಲೂಮ್ ಶೆಡ್ಡು. ಅವನ ಸೀರೆಗಳೆಲ್ಲ ಬೆಂಗಳೂರಿನ ದಲ್ಲಾಳಿಯೊಬ್ಬನ ಕೈ ದಾಟಿಯೇ ಹೋಗಬೇಕಿತ್ತು. ಮೊದಲ ಸಲ ಪುಣೆಯ ಅಂಗಡಿಯವರೊಬ್ಬರು ನನ್ನ ಇಮೇಲಿಗೆ ನೇರವಾಗಿ ಆರ್ಡರ್ ಕಳಿಸಿದ್ದರು. ಅಂಚಿನ ಬಣ್ಣ, ಸೆರಗಿನ ವಿನ್ಯಾಸ, ಅಂಗಡಿಯ ವಿಳಾಸ, ಎಲ್ಲವೂ ಅದರಲ್ಲೇ. ದಸರಾ ಹಬ್ಬ ಮುಗಿದ ಕೂಡಲೇ ಉತ್ತರ ಬರೆದು ನೂಲಿಗೆ ಬಣ್ಣ ಹಾಕಿಸಬೇಕಿತ್ತು.

"ಭಾವ, ಒಂದು ಚೀಟೀಲಿ ಬರ್ಕೊಂಡ್ಬಿಡ್ಲಾ?" ಎಂದ ಮಂಜುನಾಥ.

"ಚೀಟಿ! ಇದೇನು ದಿನಸಿ ಸಾಮಾನೇನಪ್ಪಾ? ಕಂಪ್ಯೂಟರಲ್ಲಿದೆ, ಸುಮ್ನಿರು" ಎಂದೆ.

ಆಯುಧಪೂಜೆಯ ಹಿಂದಿನ ದಿನ ಶೆಡ್ಡಿನಲ್ಲಿ ಮಗ್ಗಗಳನ್ನು ನಿಲ್ಲಿಸಿ, ಒರೆಸಿ, ಎಣ್ಣೆ ಬಿಡುತ್ತಿದ್ದರು. ಇತ್ತ ನಾನೂ ನನ್ನ ಯಂತ್ರದ ಶುದ್ಧಿಗೆ ಕುಳಿತೆ. ಪರದೆಯ ಮೇಲಿದ್ದ ಇಮೇಲಿನ ಚಿತ್ರವನ್ನು ಮೌಸಿನಿಂದ ಎಳೆದು ಫ್ಲಾಪಿಯೊಳಗೆ ಬಿಟ್ಟೆ. ವಿಳಾಸಪುಸ್ತಕದ ಚಿತ್ರವನ್ನೂ ಹಾಗೆಯೇ. ರೆಪ್ಪೆ ಬಡಿಯುವುದರೊಳಗೆ ಕೆಲಸ ಮುಗಿಯಿತು! ಅಷ್ಟೊಂದು ಪತ್ರಗಳು ಇಷ್ಟು ಚಿಕ್ಕ ಜಾಗದಲ್ಲಿ ಕುಳಿತವಲ್ಲ ಎಂದು ವಿಜ್ಞಾನಕ್ಕೆ ಮನಸಾರೆ ವಂದಿಸಿದೆ. ಒಂದು ಫ್ಲಾಪಿ ಕೈಕೊಟ್ಟರೆ ಎಂದು ಇನ್ನೊಂದಕ್ಕೂ ಅದನ್ನೇ ತುಂಬಿದೆ. ಆಮೇಲೆ ಯಂತ್ರ, ಎಲ್ಲವೂ ಅಳಿಸಿಹೋಗುತ್ತದೆ, ಖಚಿತವೇ ಎಂದು ಕೇಳಿತು. ನನ್ನಂಥವನನ್ನು ಕೇಳುವ ಪ್ರಶ್ನೆಯೇ ಅದು? ಹೌದು ಎಂದೆ. ಹೊಸ ವಿಂಡೋಸ್ ಕುಳಿತು ಮುಗಿದದ್ದೇ ತಡ, ಫ್ಲಾಪಿ ಹಾಕಿ ನೋಡುವ ಮೊದಲೇ ಕರೆಂಟು ಹೋಯಿತು.

ಮರುದಿನ ಪೂಜೆ. ಪೂಜೆಯಾದ ಯಂತ್ರವನ್ನು ನಮ್ಮ ನೇಕಾರರ ಮನೆಗಳಲ್ಲಿ ಆ ದಿನ ಓಡಿಸುವ ಹಾಗಿಲ್ಲ. ಅದರ ಮಾರನೆಯ ಬೆಳಿಗ್ಗೆ ಮಂಜುನಾಥನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ಲಾಪಿಗೆ ಕೈ ಚಾಚಿದೆ. ಎರಡೂ ಫ್ಲಾಪಿಗಳು ಮದುವಣಗಿತ್ತಿಯರಂತೆ ಕುಳಿತಿದ್ದವು! ಮೈಗೆಲ್ಲ ಅರಿಶಿನ, ಅದರ ಮೇಲೆ ನೀರಿನಲ್ಲಿ ಕಲಸಿದ ಕುಂಕುಮದ ಬೊಟ್ಟು, ಬೊಟ್ಟಿಗಂಟಿದ ಸೇವಂತಿಗೆಯ ಎಸಳು.

"ಯಾರು? ಫ್ಲಾಪಿಗೆ ಕುಂಕುಮ ಇಟ್ಟೋರು ಯಾರು?"

ಅತ್ತೆ ಒಳಗಿನಿಂದ ಬಂದರು. "ನಾನೇ ಇಟ್ಟೆ ಅಳಿಯಂದ್ರೇ. ಮಗ್ಗದ ಲಾಳಿಗೂ ಇಟ್ಟೆ, ಇದಕ್ಕೂ ಇಟ್ಟೆ. ಇದೂ ಕೆಲ್ಸ ಮಾಡೋ ಸಾಮಾನೇ ಅಲ್ವಾ?"

ಅಲ್ಲಿಂದ ಮುಂದೆ ನಾನು ಎಷ್ಟು ಜೋರಾಗಿ ಮಾತಾಡಿದೆ ಎಂಬ ಬಗ್ಗೆ ನನ್ನ ನೆನಪಿಗೂ ಹೆಂಡತಿ ಸರೋಜಳ ನೆನಪಿಗೂ ಹೊಂದಾಣಿಕೆಯಿಲ್ಲ. ಕೊಂಚ ಏರುದನಿ ಎಂದು ನನ್ನದು. ಎದುರು ಮನೆಯವರು ಹೊರಗೆ ಬಂದು ನಿಂತರು ಎಂದು ಅವಳದು. ವೈಜ್ಞಾನಿಕ ಮನೋಭಾವದ ಅಭಾವದಿಂದ ಈ ದೇಶ ಹೇಗೆ ಹಿಂದುಳಿಯಿತು ಎಂದು ವಿವರಿಸಿದ್ದು ಮಾತ್ರ ನಿಜ. ಒಂದು ಬೊಟ್ಟಿಗೆ ಒಂದು ಆರ್ಡರೇ ಮುಳುಗಿತು ಎಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಜುನಾಥ ತಲೆ ಹಿಡಿದು ಕುಳಿತ.

"ಕೂಗಾಡಿದ್ದು ಸಾಕು. ಒರೆಸಿ ಹಾಕಿ ನೋಡಿ ರೀ" ಎಂದಳು ಸರೋಜ.

"ಒರೆಸೋಕೆ ಇದೇನು ಸ್ಲೇಟಾ? ಕುಂಕುಮ ಒಳಗಿಳಿದಿರುತ್ತೆ ಕಣೇ!"

ಅವಳೇ ಒರೆಸಿದಳು. ಅವಳೇ ಹಾಕಿದಳು. ಫ್ಲಾಪಿ ಏನೂ ನಡೆದೇ ಇಲ್ಲವೆಂಬಂತೆ ತೆರೆದುಕೊಂಡಿತು.

ಒಳಗೆ ಎರಡೇ ಎರಡು ಪುಟ್ಟ ಚಿತ್ರಗಳು. ಇಮೇಲಿನ ಚಿತ್ರವನ್ನು ಒತ್ತಿದೆ. ಇಮೇಲ್ ಪೆಟ್ಟಿಗೆ ತೆರೆಯಿತು. ಹೊಚ್ಚ ಹೊಸದು, ಖಾಲಿ! ನಾನು ಉಳಿಸಿದ್ದು ಪತ್ರಗಳನ್ನಲ್ಲ. ಪತ್ರಗಳು ಆ ಕಡೆ ಇವೆ ಎಂದು ಬೆರಳು ತೋರಿಸುವ ಶಾರ್ಟ್‌ಕಟ್ಟನ್ನು. ಆ ಕಡೆಯನ್ನು ನಾನೇ ಗುಡಿಸಿ ಹಾಕಿದ್ದೆ. ಎರಡನೆಯ ಫ್ಲಾಪಿಯೂ ಅತ್ಯುತ್ತಮ ಸ್ಥಿತಿಯಲ್ಲಿತ್ತು. ಅದರಲ್ಲೂ ಏನೂ ಇರಲಿಲ್ಲ.

"ಹಂಗಾದ್ರೆ ಕುಂಕುಮದಿಂದ ಏನೂ ಆಗ್ಲಿಲ್ವಾ?" ಎಂದು ಅತ್ತೆ ಕೇಳಿದರು.

ಮನುಷ್ಯ ಕಷ್ಟದಲ್ಲಿದ್ದಾಗ ಕೇಳುವ ಪ್ರಶ್ನೆಯೇ ಇದು?

ಒಮ್ಮೆ ನಮ್ಮ ಯಂತ್ರಕ್ಕೆ ಇಳಿಸಿಕೊಂಡ ಪತ್ರ ಆಗೆಲ್ಲ ಬೇರೆಲ್ಲೂ ಉಳಿಯುತ್ತಿರಲಿಲ್ಲ. ಇನ್ನು ಉಳಿದದ್ದು ನೆನಪು! ಅಂಚು ಗಿಳಿಹಸಿರು ಎಂದು ನಾನು, ರಾಮಾ ಹಸಿರು ಎಂದು ಮಂಜುನಾಥ. ಅಂಗಡಿಯ ಹೆಸರಲ್ಲಿ ಲಕ್ಷ್ಮಿ ಇದ್ದಳೋ ಸರಸ್ವತಿ ಇದ್ದಳೋ, ಅದೂ ತೀರ್ಮಾನವಾಗಲಿಲ್ಲ. ನೂಲು ಬಿಳಿಯಾಗಿಯೇ ಬಿದ್ದಿತ್ತು. ಕೊನೆಗೆ ಒಂದು ದಿನ ಮಂಜುನಾಥ ಮತ್ತೆ ದಲ್ಲಾಳಿಯ ಮುಂದೆ ನಿಲ್ಲಲು ಶರಟು ತೊಟ್ಟು ಹೊರಟಿದ್ದಾಗ, ನಮ್ಮ ಮೋಡೆಮ್ ಕಿರುಚಾಡಿ ಒಂದು ಪತ್ರ ತಂದಿತು. ಪುಣೆಯಿಂದ! ಕೂಗಿ ಕರೆದೆ.

"ಏನಂತೆ ಭಾವ?" ಓಡಿ ಬಂದವನಿಗೆ ಏದುಸಿರು.

ಪತ್ರ ಇಂಗ್ಲಿಷಿನಲ್ಲಿತ್ತು. ಗಂಟಲು ಸರಿಮಾಡಿಕೊಂಡು ಅನುವಾದಿಸಿದೆ. "ನಮ್ಮಿಂದ ಉತ್ತರ ಬರ್ಲಿಲ್ಲ ಅಂತ ಆರ್ಡರ್ ಇನ್ನೊಂದ್ಸಲ ಕಳಿಸಿದ್ದಾರೆ. ಅಂಚು ರಾಮಾ ಹಸಿರು. ಬೇಗ ಶುರು ಮಾಡ್ಬೇಕಂತೆ. ಅಷ್ಟೇ."

ಸರೋಜ ಬೆನ್ನ ಹಿಂದೆ ನಿಂತಿದ್ದಳು. ಅವಳಿಗೂ ಇಂಗ್ಲಿಷ್ ಬರುತ್ತದೆಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.

"ಕೊನೇ ಸಾಲು ಬಿಟ್ರಲ್ಲ?"

"ಅದು ಸುಮ್ನೆ ಶಿಷ್ಟಾಚಾರಕ್ಕೆ..."

"ಓದಿ ರೀ."

ಓದಿದೆ. "ದಯವಿಟ್ಟು ಇನ್ನು ಮುಂದೆ ಈ ಕೆಲಸವನ್ನು ಕಂಪ್ಯೂಟರ್ ಗೊತ್ತಿರುವ ಯಾರಿಗಾದರೂ ವಹಿಸಿ."

ಮಂಜುನಾಥ ನಗು ತಡೆಯಲಾರದೆ ಬಣ್ಣ ಹಾಕುವವರ ಮನೆಗೆ ಓಡಿದ. ಸರೋಜ ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟಳು.

"ಏಳಿ."

ಎದ್ದೆ.