ಕಿವಿಗೆ ಹಿತವಾದ ಪ್ರೆಸ್ ಶಾಪ್

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಕಿವುಡರು ಒಬ್ಬರೂ ಇಲ್ಲ. ಇದು ದಾಖಲೆಯಲ್ಲಿರುವ ಸಂಗತಿ. ದಾಖಲೆಗೆ ಸಹಿ ಹಾಕಿದವನು ನಾನೇ, ಸಿಬ್ಬಂದಿ ವಿಭಾಗದ ಮ್ಯಾನೇಜರು.

2009ರಲ್ಲಿ, ಐವತ್ತು ದಾಟಿದವರ ಕಿವಿ ಪರೀಕ್ಷಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಕಿವಿ ಕೇಳದವರು ಯಂತ್ರದ ಮುಂದೆ ನಿಲ್ಲುವುದು ಅಪಾಯ, ಆದ್ದರಿಂದ ಅವರನ್ನು ಮನೆಗೆ ಕಳಿಸುವುದು ಕ್ಷೇಮ. ಕಿವಿ ಹೋದದ್ದು ಹೇಗೆಂಬುದು ಅಂದಿನ ಅಜೆಂಡಾದಲ್ಲಿರಲಿಲ್ಲ.

ನಿಯಮ ಬರೆಯುವ ಕೆಲಸ ನನಗೆ ಬಂತು. ಕಾನ್ವೆಂಟಿನಲ್ಲಿ ಓದಿದವನು ನಾನು; ಅಲ್ಪವಿರಾಮ ತಪ್ಪಿದ ರಜೆ ಅರ್ಜಿಯನ್ನು ವಾಪಸು ಕಳಿಸಿದ ಖ್ಯಾತಿ ನನಗಿದೆ. ಪರೀಕ್ಷೆಯು ತಗಡು ಒತ್ತುವ ಪ್ರೆಸ್ ಶಾಪಿನೊಳಗೆ, ಉತ್ಪಾದನೆ ನಿಲ್ಲದಂತೆ ನಡೆಯತಕ್ಕದ್ದು. ಡಾಕ್ಟರು ಎದುರು ನಿಂತು ಹತ್ತು ಪದ ಹೇಳತಕ್ಕದ್ದು. ಎಂಟನ್ನು ತಿರುಗಿ ಹೇಳಿದವರು ಪಾಸು. ಹುದ್ದೆಯ ಭೇದವಿಲ್ಲದೆ ಎಲ್ಲರಿಗೂ ಅನ್ವಯ. ಕೊನೆಯ ವಾಕ್ಯಕ್ಕೆ ನಾನೇ ಅಡಿಗೆರೆ ಎಳೆದೆ. ಆಗ ನನಗೆ ಐವತ್ತಮೂರು.

ಮಾಕಳಿಯಿಂದ ಬರುವ ಅಮರಪ್ಪ ಸುತ್ತೋಲೆ ಹಿಡಿದು ನನ್ನ ಕೋಣೆಗೆ ಬಂದರು. ಮೂವತ್ತೊಂದು ವರ್ಷ ಒಂದೇ ಪ್ರೆಸ್ಸಿನಲ್ಲಿ ಸ್ಕೂಟರಿನ ಮಡ್‌ಗಾರ್ಡ್ ಒತ್ತಿದವರು.

"ಇನ್ನೊಂದ್ ವರ್ಸ ನಾಕ್ ತಿಂಗ್ಳು ಸರ್ವೀಸ್ ಐತೆ ಸಾರ್. ಈಗ ಕಳ್ಸುದ್ರೆ ಎಲ್ಲಿಗ್ ಓಗ್ಲಿ?"

"ಕಿವಿ ಕೇಳುತ್ತದೋ ಇಲ್ಲವೋ, ಅಷ್ಟು ಹೇಳಿ."

"ಇಲ್ಲೇ ಕಳ್ಕಂಡಿದ್ದು ಸಾರ್. ಬ್ಯಾರೆ ಕಡೆ ನಾನ್ ಓಗೇ ಇಲ್ಲ."

"ಕಳೆದುಹೋದ ವಸ್ತುಗಳಿಗೆ ಸೆಕ್ಯೂರಿಟಿಯಲ್ಲಿ ರಿಜಿಸ್ಟರ್ ಇದೆ," ಎಂದೆ. ತಮಾಷೆಗಲ್ಲ, ನಿಜವಾಗಿಯೂ ಇದೆ.

ಮಾತಾಡುವಾಗಲೆಲ್ಲ ಅಮರಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹಲ್ಲಿಗೆ ಸೊಪ್ಪು ಸಿಕ್ಕಿದೆಯೆಂದು ತಿಳಿದು ಕರವಸ್ತ್ರದಿಂದ ಒರೆಸಿಕೊಂಡೆ.

ಪರೀಕ್ಷೆಯ ದಿನ ಹನ್ನೆರಡು ಪ್ರೆಸ್ಸುಗಳು ಬಡಿಯುತ್ತಿದ್ದವು, ನೆಲ ನಡುಗುತ್ತಿತ್ತು. ಡಾಕ್ಟರ್ ನಿವೇದಿತಾ ಪದ ಹೇಳುತ್ತ ಹೋದರು. ಪ್ರೆಸ್ ಶಾಪಿನ ಹತ್ತೊಂಬತ್ತು ಮಂದಿಯೂ ಪಾಸಾದರು; ಅಮರಪ್ಪನವರಿಗೆ ಹತ್ತಕ್ಕೆ ಹತ್ತು. ಆಮೇಲೆ ಆಫೀಸಿನ ಆರು ಜನರ ಸರದಿ. ಡಾಕ್ಟರ ಬಾಯಿ ತೆರೆಯಿತು, ಮುಚ್ಚಿತು. ನಾನು ಹತ್ತು ಸಲ "ಪಾರ್ಡನ್?" ಎಂದೆ. ಸೊನ್ನೆ. ಉಳಿದ ಐವರೂ ನನ್ನ ಹಿಂದೆಯೇ ಫೇಲಾದರು.

"ನೀವು ಫೇಲು ಕಣ್ರೀ," ಎಂದರು ನಮ್ಮ ಎಂ.ಡಿ. ಮಲ್ಲಿಕ್.

"ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ?"

"ಹತ್ತೊಂಬತ್ತು ಜನಕ್ಕೆ ಕೇಳಿದೆಯಲ್ರೀ. ರೂಲ್ ಬರೆದಿದ್ದು ಯಾರು? ನಿಮ್ಗೊಂದು ಎಕ್ಸೆಪ್ಷನ್ ಮಾಡೋಣ್ವಾ?"

ಇಪ್ಪತ್ತು ವರ್ಷ ಯಾರಿಗೂ ವಿನಾಯಿತಿ ಕೊಡದವನು ನನಗೆ ನಾನೇ ಹೇಗೆ ಕೊಟ್ಟುಕೊಳ್ಳಲಿ? ಬೇಡವೆಂದೆ. ಆದರೆ ಆರೂ ಜನರನ್ನು ಮನೆಗೆ ಕಳಿಸಿದರೆ ಮನೆಗೆ ಕಳಿಸುವ ಪತ್ರಕ್ಕೆ ಸಹಿ ಹಾಕುವವರಿರಲಿಲ್ಲ. ಸಮಿತಿ ಕೂತಿತು. ಪ್ರಕಟಣೆ ಹೊರಟಿತು:

"ಆಫೀಸಿನ ನಿಶ್ಶಬ್ದವು ಶ್ರವಣಶಕ್ತಿಗೆ ಹಾನಿಕರವೆಂದೂ ಪ್ರೆಸ್ ಶಾಪಿನ ವಾತಾವರಣವು ಹಿತಕರವೆಂದೂ ಅಂಕಿಅಂಶಗಳಿಂದ ದೃಢಪಟ್ಟಿದೆ. ಇಯರ್ ಪ್ಲಗ್ ಖರೀದಿಯನ್ನು ರದ್ದುಪಡಿಸಲಾಗಿದೆ. ಅನುತ್ತೀರ್ಣರು ದಿನಕ್ಕೆ ನಾಲ್ಕು ಗಂಟೆ ಪ್ರೆಸ್ ಶಾಪಿನಲ್ಲಿ ಕೂರತಕ್ಕದ್ದು. ತರಬೇತುದಾರರು: ಶ್ರೀ ಅಮರಪ್ಪ."

ಮೊದಲ ದಿನವೇ, ಯಂತ್ರ ನಿಂತ ಟೀ ವೇಳೆಯಲ್ಲಿ, ಗುರುಗಳು ಗುಟ್ಟು ಬಿಟ್ಟುಕೊಟ್ಟರು.

"ಕಿವಿ ಬುಟ್ಬುಡಿ ಸಾರ್, ತುಟಿ ನೋಡಿ. ಮೂವತ್ ವರ್ಸದಿಂದ ನಾವೆಲ್ಲ ಇಂಗೇ ಮಾತಾಡೋದು. ನೀವು ಕಾಗ್ದ ನೋಡ್ಕಂಡ್ ಮಾತಾಡ್ತೀರ, ಅದ್ಕೇ ಯಾರ್ ಏಳಿದ್ದೂ ನಿಮಗ್ ಕೇಳ್ಸಲ್ಲ."

ಇದು ಮೋಸ ಎನಿಸಿತು. ವರದಿ ಮಾಡಿದರೆ ಹತ್ತೊಂಬತ್ತು ಮಂದಿ ಮನೆಗೆ. ನಿಯಮಾವಳಿಯನ್ನು ಎರಡು ಸಲ ಓದಿದೆ. ತುಟಿ ನೋಡಬಾರದೆಂದು ಎಲ್ಲೂ ಇರಲಿಲ್ಲ. ಬರೆದವನ ಅಜಾಗರೂಕತೆ.

ಅಮರಪ್ಪ ತಮ್ಮ ಅವಧಿ ಮುಗಿಸಿ, ಶಾಲು ಹೊದ್ದು, ಅರ್ಹ ಕಿವಿಗಳೊಂದಿಗೆ ನಿವೃತ್ತರಾದರು. ಅಷ್ಟರಲ್ಲಿ ಮರುಪರೀಕ್ಷೆಯಲ್ಲಿ ನನಗೂ ಹತ್ತಕ್ಕೆ ಹತ್ತು ಬಂದಿತ್ತು. ಮಲ್ಲಿಕ್ ಕೈ ಕುಲುಕಿದರು.

ಈಚೆಗೆ ಮನೆಯಲ್ಲಿ ನನ್ನ ಹೆಂಡತಿ ಮಹಾದೇವಿ ಏನಾದರೂ ಹೇಳಬೇಕಾದರೆ ಒಲೆ ಆರಿಸಿ, ಹಜಾರಕ್ಕೆ ಬಂದು, ನನ್ನ ಎದುರು ನಿಲ್ಲುತ್ತಾಳೆ. ಮನೆಯು ಕಾರ್ಖಾನೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಈ ಅಂಶವನ್ನು ದಾಖಲೆಯಲ್ಲಿ ಸೇರಿಸಿಲ್ಲ.